ಕೋಶಕೇಂದ್ರದ ಹೊದಿಕೆ ಮತ್ತೆ ಕಟ್ಟಿಕೊಳ್ಳುವುದನ್ನು ಜೀವಂತ ಕೋಶದಲ್ಲಿ ಚಿತ್ರೀಕರಿಸಿ ಅಳೆಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಈ ಪ್ರಯೋಗದಲ್ಲಿ ಎಡವುವವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಕೋಶ ವಿಭಜನೆಯ ವೇಳೆ ಕಳಚಿದ್ದ ಹೊದಿಕೆ ಮತ್ತೆ ಕಟ್ಟಿಕೊಳ್ಳುವಾಗ, ಬೇರ್ಪಟ್ಟ ವರ್ಣತಂತುಗಳ ಸುತ್ತ ಹಸಿರಾಗಿ ಹೊಳೆಯುವ ಪೊರೆಯ ಉಂಗುರವೊಂದು ಪೂರ್ತಿಯಾಗಿ ಕಂಡ ಕೂಡಲೇ ‘ಹೊದಿಕೆ ಮುಚ್ಚಿತು’ ಎಂದು ಟಿಪ್ಪಣಿ ಬರೆದು, ಆ ಕ್ಷಣವನ್ನೇ ಫಲಿತಾಂಶವಾಗಿ ಕೊಡುತ್ತಾರೆ. ಆದರೆ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರ್‌ಗಿಂತ ಕಿರಿದಾದ ಅಂತರವನ್ನು ಬಿಡಿಸಿ ತೋರಿಸಲಾರದು. ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಕದಿರಿನ ಎಳೆಯಾದ ಮೈಕ್ರೊಟ್ಯೂಬ್ಯೂಲ್‌ನ ದಪ್ಪವೋ ಕೇವಲ 25 ನ್ಯಾನೋಮೀಟರ್. ಅಂಥ ಎಳೆಗಳು ಹಾದುಹೋಗುವ ಹತ್ತಾರು ತೂತುಗಳು ತೆರೆದೇ ಇದ್ದರೂ ನಮ್ಮ ಕಣ್ಣಿಗೆ ಉಂಗುರ ಪೂರ್ಣವಾಗಿಯೇ ತೋರುತ್ತದೆ.

ಪೊರೆ ಬಂದು ಸೇರುವುದು, ಸಾಗಾಣಿಕೆಯ ಬಾಗಿಲುಗಳಾದ ರಂಧ್ರಗಳು ಕೂರುವುದು, ಉಳಿದ ತೂತುಗಳು ಮುಚ್ಚಿಕೊಳ್ಳುವುದು ಎಂಬ ಮೂರು ಘಟನೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೂ ಬೇರೆ ಬೇರೆ, ಮತ್ತು ಒಂದಕ್ಕೆ ಹಾಕಿದ ಹೊಳೆಯುವ ಗುರುತಿನಿಂದ ಇನ್ನೊಂದನ್ನು ಅಳೆಯಲಾಗದು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಸಾಗುತ್ತವೆ. ಇಲ್ಲಿನ ಸಮಯ ಮತ್ತು ಪ್ರಮಾಣಗಳು ಹೀಲಾ ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳಿಗೆ ಹೊಂದುವಂಥವು. ಬೇಕರಿ ಯೀಸ್ಟ್‌ನಲ್ಲಿ ವಿಭಜನೆಯ ವೇಳೆ ಹೊದಿಕೆ ಕಳಚುವುದೇ ಇಲ್ಲವಾದ್ದರಿಂದ ಈ ಕ್ರಮ ಅದಕ್ಕೆ ಅನ್ವಯಿಸುವುದಿಲ್ಲ.

## ಕ್ಯಾಮೆರಾ ಮುಟ್ಟುವ ಮೊದಲು: ಘಟನೆಗಳ ಕ್ರಮ

ಈ ಕ್ರಮ ಮನಸ್ಸಿನಲ್ಲಿ ಸ್ಪಷ್ಟವಾಗಿರದಿದ್ದರೆ ಚಿತ್ರದಲ್ಲಿ ಕಂಡದ್ದಕ್ಕೆ ಅರ್ಥ ಹೇಳುವುದು ಸಾಧ್ಯವಾಗದು. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ.

ವರ್ಣತಂತುಗಳು ಬೇರ್ಪಡುವ ಹೊತ್ತಿಗೆ ಸೈಕ್ಲಿನ್ ಬಿ ಎಂಬ ಪ್ರೋಟೀನ್ ನಾಶವಾಗಿ, ಅದರ ನೆರವಿನಿಂದ ವಿಭಜನೆಯನ್ನು ನಡೆಸುತ್ತಿದ್ದ ಸಿಡಿಕೆ1 ಕಿಣ್ವದ ಚಟುವಟಿಕೆ ಕುಸಿಯುತ್ತದೆ. ವಿಭಜನೆಯ ಆರಂಭದಲ್ಲಿ ಹೊದಿಕೆಯ ಪ್ರೋಟೀನ್‌ಗಳಿಗೆ ಅಂಟಿದ್ದ ಫಾಸ್ಫೇಟ್‌ಗಳನ್ನು ಪಿಪಿ1 ಮತ್ತು ಪಿಪಿ2ಎ ಎಂಬ ಫಾಸ್ಫಟೇಸ್ ಕಿಣ್ವಗಳು ಈಗ ಕಿತ್ತುಹಾಕುತ್ತವೆ. ಮರುಕಟ್ಟುವಿಕೆಗೆ ಸಿಗುವ ಅಪ್ಪಣೆ ಇದೇ ಆಗಿದ್ದು, ಮುಂದಿನದೆಲ್ಲ ಇದರ ಬೆನ್ನಿಗೇ ನಡೆಯುತ್ತದೆ.

ಫಾಸ್ಫೇಟ್ ಕಳಚಿಕೊಂಡ ಬಾಫ್ ಎಂಬ ಪುಟ್ಟ ಪ್ರೋಟೀನ್ ಜೋಡಿಯಾಗಿ ಡಿಎನ್‌ಎಗೆ ಅಂಟಿಕೊಂಡು, ಪಕ್ಕಪಕ್ಕದ ವರ್ಣತಂತುಗಳನ್ನು ಒಂದೇ ಮುದ್ದೆಯಾಗಿ ಹಿಡಿದಿಡುತ್ತದೆ. ಪ್ರತಿಯೊಂದು ವರ್ಣತಂತುವಿನ ಸುತ್ತ ಒಂದೊಂದು ಚಿಕ್ಕ ಕೋಶಕೇಂದ್ರ ಹುಟ್ಟದೆ, ಎಲ್ಲಕ್ಕೂ ಸೇರಿ ಒಂದೇ ಕೋಶಕೇಂದ್ರ ಆಗುವುದು ಈ ಬಿಗಿತದಿಂದಲೇ. ಇದೇ ಹೊತ್ತಿನಲ್ಲಿ ಕೋಶದೊಳಗಿನ ಪೊರೆಯ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನೊಳಗೆ ಚದುರಿ ಸೇರಿಕೊಂಡಿದ್ದ ಎಲ್‌ಬಿಆರ್, ಲ್ಯಾಪ್2, ಎಮೆರಿನ್ ಮೊದಲಾದ ಒಳಪೊರೆಯ ಪ್ರೋಟೀನ್‌ಗಳು ವರ್ಣತಂತುಗಳ ಮೈಗೆ ಅಂಟುತ್ತ ಪೊರೆಯನ್ನೂ ಜೊತೆಗೆ ಎಳೆದು ತರುತ್ತವೆ. ಪೊರೆ ಹೊಸದಾಗಿ ಹುಟ್ಟುವುದಿಲ್ಲ, ಇದ್ದ ಜಾಲವೇ ಹೊದ್ದುಕೊಳ್ಳುತ್ತದೆ ಎಂಬುದನ್ನು ನೆನಪಿಡಬೇಕು.

ರಂಧ್ರಗಳ ಕೆಲಸ ಪೊರೆ ಹೊದ್ದುಕೊಂಡು ಮುಗಿಯುವವರೆಗೆ ಕಾಯುವುದಿಲ್ಲ. ಎಲಿಸ್ ಎಂಬ ಪ್ರೋಟೀನ್ ಮೊದಲು ಕ್ರೊಮಾಟಿನ್ (ಪ್ರೋಟೀನ್ ಸಹಿತ ಡಿಎನ್‌ಎ) ಮೇಲೆ ಕುಳಿತು ಎನ್‌ಯುಪಿ107–160 ಎಂಬ ರಂಧ್ರ-ಪ್ರೋಟೀನ್‌ಗಳ ಗುಂಪನ್ನು ಕರೆತರುತ್ತದೆ. ಬಳಿಕ ಪೊರೆಯಲ್ಲಿರುವ ಪಾಮ್121 ಮತ್ತು ಎನ್‌ಡಿಸಿ1, ಆಮೇಲೆ ರಂಧ್ರದ ಒಳಗಿನ ಉಂಗುರದ ಭಾಗಗಳು, ನಂತರ ಸಾಗಾಣಿಕೆಗೆ ಬೇಕಾದ ಎನ್‌ಯುಪಿ62ರಂಥವು ಸೇರುತ್ತವೆ. ಕ್ರೊಮಾಟಿನ್ ಬಳಿ ಹುಟ್ಟುವ ರಾನ್-ಜಿಟಿಪಿ ಎಂಬ ಸಂಕೇತ ಅಣು, ಸಾಗಾಣಿಕೆ ಪ್ರೋಟೀನಾದ ಇಂಪೋರ್ಟಿನ್ ಹಿಡಿತದಿಂದ ಈ ಭಾಗಗಳನ್ನು ಬಿಡಿಸಿಕೊಟ್ಟು, ಕಟ್ಟಡ ತಕ್ಕ ಜಾಗದಲ್ಲೇ ಏಳುವಂತೆ ನೋಡಿಕೊಳ್ಳುತ್ತದೆ.

ಕೊನೆಗೆ ಉಳಿಯುವುದು ಕದಿರಿನ ಎಳೆಗಳು ಚುಚ್ಚಿ ನಿಂತಿರುವ ತೂತುಗಳು. ಅಲ್ಲಿಗೆ ಲೆಮ್2 ಪ್ರೋಟೀನ್ ಸಿಎಚ್‌ಎಂಪಿ7 ಅನ್ನು ಕರೆಯುತ್ತದೆ, ಅದು ಪೊರೆಯ ತೂತು ಮುಚ್ಚುವ ಎಸ್ಕಾರ್ಟ್-3 ಗುಂಪಿನ ಉಳಿದ ಸದಸ್ಯರನ್ನು ಕರೆಯುತ್ತದೆ, ಸ್ಪಾಸ್ಟಿನ್ ಎಳೆಗಳನ್ನು ಕತ್ತರಿಸುತ್ತದೆ, ತೂತು ಬಿಗಿದು ಮುಚ್ಚುತ್ತದೆ. ಪ್ರೋಟೀನ್‌ಗಳ ಆಮದು, ಅಂದರೆ ರಂಧ್ರಗಳ ಮೂಲಕ ಒಳಬರುವುದು, ಬಲಗೊಂಡ ಮೇಲೆ ಹೊದಿಕೆಗೆ ಒಳಗಿನಿಂದ ಆಧಾರ ಕೊಡುವ ಎಳೆ-ಪ್ರೋಟೀನ್‌ಗಳಾದ ಲ್ಯಾಮಿನ್‌ಗಳ ಹೆಚ್ಚಿನ ಪಾಲು ಒಳಗೆ ಸೇರಿ ಪದರವಾಗುತ್ತದೆ, ಕ್ರೊಮಾಟಿನ್ ಸಡಿಲಗೊಳ್ಳುತ್ತದೆ, ಕೋಶಕೇಂದ್ರ ಉಬ್ಬುತ್ತದೆ. ಲ್ಯಾಮಿನ್ ಚೌಕಟ್ಟು ಮೊದಲು ನಿಂತು, ಪೊರೆ ಅದರ ಮೇಲೆ ಹರಡುತ್ತದೆ ಎಂದು ಚಿತ್ರ ಬರೆಯುವ ವಿದ್ಯಾರ್ಥಿಗಳನ್ನು ನಾನು ಪ್ರತಿ ತಂಡದಲ್ಲೂ ಕಾಣುತ್ತೇನೆ. ಕ್ರಮ ತಿರುವುಮುರುವಾದರೆ ಗುರುತಿನ ಆಯ್ಕೆಯೂ ತಪ್ಪುತ್ತದೆ.

ಇದೆಲ್ಲವೂ ಹೀಲಾ ಕೋಶಗಳಲ್ಲಿ ಅನಾಫೇಸ್ (ವರ್ಣತಂತುಗಳು ಎರಡಾಗಿ ಬೇರ್ಪಡುವ ಹಂತ) ಆರಂಭವಾದ ಸುಮಾರು 5ನೇ ನಿಮಿಷದಿಂದ 15ನೇ ನಿಮಿಷದೊಳಗೆ ಬಹುಪಾಲು ಮುಗಿಯುತ್ತದೆ. ಪ್ರಯೋಗದ ವೇಗವನ್ನು ಈ 10 ನಿಮಿಷಗಳೇ ನಿರ್ಧರಿಸುತ್ತವೆ.

## ಬೇಕಾಗುವ ಸಾಧನಗಳು

ತಿರುಗುವ ತಟ್ಟೆಯ ಕಾನ್‌ಫೋಕಲ್ ಸೂಕ್ಷ್ಮದರ್ಶಕ, 60 ಅಥವಾ 63 ಪಟ್ಟು ಹಿಗ್ಗಿಸುವ, 1.4 ಸಂಖ್ಯಾ ದ್ಯುತಿರಂಧ್ರದ ಎಣ್ಣೆ ಮಸೂರ, 0.17 ಮಿಲಿಮೀಟರ್ ದಪ್ಪದ ಗಾಜಿನ ತಳವಿರುವ ತಟ್ಟೆಗಳು, 37 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 5 ಇಂಗಾಲದ ಡೈಆಕ್ಸೈಡ್ ಕಾಯ್ದುಕೊಳ್ಳುವ ಕೋಣೆ, ಫಿನಾಲ್ ರೆಡ್ ಇಲ್ಲದ ಪೋಷಕ ದ್ರಾವಣ ಇವು ಬೇಕು. ಬಿಂದುಬಿಂದುವಾಗಿ ಸ್ಕ್ಯಾನ್ ಮಾಡುವ ಕಾನ್‌ಫೋಕಲ್ ಮಾತ್ರ ಇದ್ದರೆ ಕೆಲಸ ಸಾಗುತ್ತದೆ, ಆದರೆ ಲೇಸರ್ ಬಲವನ್ನು ಇನ್ನಷ್ಟು ತಗ್ಗಿಸಿ ಪದರಗಳನ್ನು ಕಡಿಮೆ ಮಾಡಬೇಕಾಗುತ್ತದೆ.

## ಹಂತ 1: ಪ್ರಶ್ನೆಗೆ ತಕ್ಕ ಗುರುತನ್ನು ಆರಿಸಿ

ವರ್ಣತಂತುಗಳಿಗೆ ಎಂಚೆರಿ ಎಂಬ ಕೆಂಪಾಗಿ ಹೊಳೆಯುವ ಪ್ರೋಟೀನ್ ಜೋಡಿಸಿದ, ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಾದ ಹಿಸ್ಟೋನ್ ಎಚ್2ಬಿ ಯಾವಾಗಲೂ ಇರಬೇಕು, ಏಕೆಂದರೆ ಕಾಲದ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಹಸಿರು ವಾಹಿನಿಯಲ್ಲಿ ಏನಿರಬೇಕೆಂಬುದನ್ನು ನಿಮ್ಮ ಪ್ರಶ್ನೆ ಹೇಳುತ್ತದೆ: ಪೊರೆ ಯಾವಾಗ ಬಂತು ಎಂಬುದಕ್ಕೆ ಎಲ್‌ಬಿಆರ್ ಅಥವಾ ಎಮೆರಿನ್, ರಂಧ್ರಗಳು ಯಾವಾಗ ಕುಳಿತವು ಎಂಬುದಕ್ಕೆ ಎನ್‌ಯುಪಿ107, ತೂತು ಮುಚ್ಚುವ ಯಂತ್ರ ಯಾವಾಗ ಬಂತು ಎಂಬುದಕ್ಕೆ ಸಿಎಚ್‌ಎಂಪಿ4ಬಿ, ಒಳಗೂ ಹೊರಗೂ ನಿಜವಾಗಿ ಬೇರ್ಪಟ್ಟವೇ ಎಂಬುದಕ್ಕೆ ಕೋಶಕೇಂದ್ರದೊಳಕ್ಕೆ ಒಯ್ಯಿಸುವ ಆಮದು ಸಂಕೇತ ಹೊತ್ತ ಪ್ರತಿದೀಪ್ತ (ಬೆಳಕು ಬಿದ್ದಾಗ ಹೊಳೆಯುವ) ಪ್ರೋಟೀನ್.

ಈ ಕೊನೆಯದರಲ್ಲಿ ಎಡವಿ ಬೀಳುವ ಗುಂಡಿಯೊಂದಿದೆ. ಹಸಿರಾಗಿ ಹೊಳೆಯುವ ಪ್ರೋಟೀನಾದ ಒಂಟಿ ಜಿಎಫ್‌ಪಿಯ ತೂಕ ಸುಮಾರು 27 ಕಿಲೋಡಾಲ್ಟನ್ ಇರುವುದರಿಂದ, ಸುಮಾರು 40 ಕಿಲೋಡಾಲ್ಟನ್‌ವರೆಗಿನ ಪ್ರೋಟೀನ್‌ಗಳನ್ನು ತಡೆಯದೆ ಬಿಡುವ ರಂಧ್ರಗಳ ಮೂಲಕ ಅದು ತಾನಾಗಿಯೇ ಹೊರಗೆ ಸೋರಿಹೋಗಬಲ್ಲದು. ಆಗ ಹೊದಿಕೆ ಸರಿಯಾಗಿ ಮುಚ್ಚಿದ್ದರೂ ಅದು ಸೋರುತ್ತಿದೆ ಎಂಬ ತೀರ್ಮಾನಕ್ಕೆ ಬರುವಿರಿ. ಆದ್ದರಿಂದ ಸಂಕೇತದ ಜೊತೆಗೆ ಎರಡು ಅಥವಾ ಮೂರು ಜಿಎಫ್‌ಪಿ ಪ್ರತಿಗಳನ್ನು ಸಾಲಾಗಿ ಜೋಡಿಸಿದ ರಚನೆಯನ್ನೇ ಬಳಸಬೇಕು.

ಡಿಎನ್‌ಎ ಗುರುತಿಗೆ ಹೋಕ್ಸ್ಟ್ ಬಣ್ಣ ಸುಲಭವೆಂದು ಅದರ ಕಡೆಗೆ ವಾಲಬೇಡಿ. ಅದಕ್ಕೆ ಬೇಕಾದ ನೇರಳೆ ಅಥವಾ ಅತಿನೇರಳೆ ಬೆಳಕು ಡಿಎನ್‌ಎಗೆ ಹಾನಿ ಮಾಡುತ್ತದೆ. ಪದೇ ಪದೇ ಚಿತ್ರ ತೆಗೆಯುವ ಪ್ರಯೋಗಕ್ಕೆ ಅದು ಒಗ್ಗುವುದಿಲ್ಲ.

## ಹಂತ 2: ಕೋಶಗಳನ್ನು ಬೆಳೆಸಿ, ಮಂದವಾಗಿ ಹೊಳೆಯುವವನ್ನು ಉಳಿಸಿಕೊಳ್ಳಿ

ಪ್ರತಿದೀಪ್ತ ಪ್ರೋಟೀನನ್ನು ಸ್ಥಿರವಾಗಿ ಉತ್ಪಾದಿಸುವ ಕೋಶವಂಶವನ್ನು ತಯಾರಿಸುವುದು ತಡವಾದರೂ ಸರಿಯಾದ ದಾರಿ. ಚಿತ್ರೀಕರಣದ ಹಿಂದಿನ ದಿನ ತಾತ್ಕಾಲಿಕವಾಗಿ ಜೀನ್ ಸೇರಿಸಿದ ತಟ್ಟೆಯಲ್ಲಿ ಕೆಲವು ಕೋಶಗಳು ವಿಪರೀತ ಹೊಳೆಯುತ್ತವೆ, ಚಂದವಾಗಿ ಕಾಣುವುದೂ ಅವೇ. ಆದರೆ ಎಲ್‌ಬಿಆರ್ ಮಿತಿ ಮೀರಿದರೆ ಪೊರೆ ಮಡಿಕೆಮಡಿಕೆಯಾಗಿ ಬೆಳೆಯುತ್ತದೆ, ಪಾಮ್121 ಮಿತಿ ಮೀರಿದರೆ ಕೋಶಕೇಂದ್ರದಿಂದ ದೂರದ ಕೋಶದ್ರವ್ಯದಲ್ಲೂ ರಂಧ್ರಭಾಗಗಳು ಗುಡ್ಡೆಯಾಗುತ್ತವೆ.

ಎಚ್ಚರಿಕೆಯ ಗುರುತು: ವಿಭಜನೆಯಲ್ಲಿಲ್ಲದ ಕೋಶಗಳನ್ನು ಮೊದಲು ನೋಡಿ. ಅಂಚಿನ ಗೆರೆ ನಯವಾಗಿರದೆ ಕೋಶದ್ರವ್ಯದಲ್ಲಿ ಹೊಳೆಯುವ ಚುಕ್ಕೆಗಳಿದ್ದರೆ ಆ ವಂಶವನ್ನು ಬಿಟ್ಟುಬಿಡಬೇಕು.

## ಹಂತ 3: ವಿಭಜನೆಗೆ ಕಾಯುವ ಬಗೆಯನ್ನು ತೀರ್ಮಾನಿಸಿ

ಕೋಶಗಳನ್ನು ಒಟ್ಟಿಗೆ ವಿಭಜನೆಗೆ ತರುವ ಔಷಧಿಗಳು ಕೈಗೆ ಸಿಗುವುದರಿಂದಲೇ ಅವನ್ನು ಬಳಸಬೇಕೆಂದೇನೂ ಇಲ್ಲ. ಹತ್ತಿಪ್ಪತ್ತು ಕೋಶಗಳ ಚಿತ್ರ ಸಾಕಾಗಿದ್ದರೆ, ಚೆನ್ನಾಗಿ ಬೆಳೆಯುತ್ತಿರುವ ಸಾಮಾನ್ಯ ತಟ್ಟೆಯಲ್ಲೇ ಮೆಟಾಫೇಸ್ (ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಂತ ಹಂತ) ಕೋಶಗಳನ್ನು ಹುಡುಕಿಕೊಳ್ಳುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ವಿಧಾನ.

ಹೆಚ್ಚು ಕೋಶಗಳು ಬೇಕಾದಾಗ ಡಿಎನ್‌ಎ ನಕಲಾಗುವುದನ್ನು ನಿಲ್ಲಿಸುವ 2 ಮಿಲಿಮೋಲಾರ್ ಥೈಮಿಡಿನ್‌ನ ಎರಡು ಸುತ್ತಿನ ತಡೆ ಬಳಸಬಹುದು. ಎರಡನೇ ತಡೆಯಿಂದ ಬಿಡಿಸಿದ ಸುಮಾರು 9–10 ಗಂಟೆಗಳ ನಂತರ ಹೀಲಾ ಕೋಶಗಳು ವಿಭಜನೆಗೆ ಬರುತ್ತವೆ. ಸಿಡಿಕೆ1 ತಡೆಯುವ ಆರ್‌ಒ-3306 ಅನ್ನು 9 ಮೈಕ್ರೋಮೋಲಾರ್ ಪ್ರಮಾಣದಲ್ಲಿ ರಾತ್ರಿಯಿಡೀ ಕೊಟ್ಟು ತೊಳೆಯುವುದು ಇನ್ನೊಂದು ದಾರಿ. ಇಲ್ಲಿ ಕನಿಷ್ಠ ಮೂರು ಬಾರಿ, ಬೆಚ್ಚಗಿನ ದ್ರಾವಣದಿಂದ, ತಟ್ಟೆಯ ಅಂಚಿನ ಹನಿಯನ್ನೂ ಬಿಡದೆ ತೊಳೆಯಬೇಕು. ಸಿಡಿಕೆ1 ಕುಸಿಯುವುದೇ ಹೊದಿಕೆ ಕಟ್ಟಲು ಅಪ್ಪಣೆಯಾಗಿರುವಾಗ, ಆ ಕಿಣ್ವವನ್ನು ತಡೆಯುವ ಔಷಧಿ ಉಳಿದುಕೊಂಡರೆ ಅವಧಿಗೆ ಮೊದಲೇ ವಿಭಜನೆ ಮುಗಿಯುತ್ತದೆ ಮತ್ತು ನೀವು ಅಳೆಯಹೊರಟ ವಿಷಯವೇ ಕೆಡುತ್ತದೆ.

ಕದಿರಿನ ಎಳೆಗಳನ್ನು ಬಿಚ್ಚಿ ವಿಭಜನೆಯನ್ನು ತಡೆಯುವ ನೊಕೊಡಜೋಲ್ ಈ ಕೆಲಸಕ್ಕೆ ಬೇಡ. ಅದರಿಂದ ಬಿಡಿಸಿದ ಕೋಶಗಳಲ್ಲಿ ಕದಿರಿನ ಎಳೆಗಳು ವರ್ಣತಂತುಗಳಿಗೆ ತಪ್ಪಾಗಿ ಅಂಟಿಕೊಳ್ಳುವುದು ಹೆಚ್ಚುತ್ತದೆ, ಹಿಂದುಳಿದ ವರ್ಣತಂತುಗಳೂ ಕಿರುಕೋಶಕೇಂದ್ರಗಳೂ ಹೆಚ್ಚುತ್ತವೆ.

## ಹಂತ 4: ಸೂಕ್ಷ್ಮದರ್ಶಕವನ್ನು ಕಾಯಿಸಿಡಿ

ಕೋಣೆಯನ್ನು ಚಿತ್ರೀಕರಣಕ್ಕೆ ಕನಿಷ್ಠ 2 ಗಂಟೆ ಮೊದಲು ಬಿಸಿಗಿಡಿ. ತಾಪಮಾನ ಏರುತ್ತಿರುವಾಗ ಲೋಹದ ಭಾಗಗಳು ಹಿಗ್ಗಿ ನಾಭಿ ಸರಿಯುತ್ತದೆ. ಮಸೂರ ತಣ್ಣಗಿದ್ದರೆ ಎಣ್ಣೆಯ ಮೂಲಕ ಕೋಶದ ಶಾಖವನ್ನೇ ಹೀರುತ್ತದೆ, ಪರದೆಯ ಮೇಲೆ 37 ಎಂದು ಬರೆದಿದ್ದರೂ ಕೋಶ ಅದಕ್ಕಿಂತ ತಂಪಾಗಿರುತ್ತದೆ. ಹೀಗಾಗಿ ಮಸೂರಕ್ಕೂ ಪ್ರತ್ಯೇಕ ಕಾಯಿಸುವ ಪಟ್ಟಿ ಇರುವುದು ಒಳ್ಳೆಯದು.

## ಹಂತ 5: ಕೋಶವನ್ನು ಆರಿಸಿಕೊಳ್ಳಿ

ಮೆಟಾಫೇಸ್ ಪಟ್ಟಿ ಬಿಗಿಯಾಗಿ, ಗೆರೆ ಎಳೆದಂತೆ ಅಂಚಿನಿಂದ ಕಾಣುವ ಕೋಶವೇ ಬೇಕು. ಕದಿರಿನ ಅಕ್ಷ ಗಾಜಿಗೆ ಸಮಾನಾಂತರವಾಗಿದ್ದರೆ ಮಾತ್ರ ಎರಡೂ ಮರಿ ಕೋಶಕೇಂದ್ರಗಳು ಒಂದೇ ಸಮತಲದಲ್ಲಿ ಮಲಗಿರುತ್ತವೆ. ಇದರ ಮಹತ್ವ ಕೇವಲ ಅಂದಕ್ಕೆ ಸಂಬಂಧಿಸಿದ್ದಲ್ಲ: ವರ್ಣತಂತು ಮುದ್ದೆಯ ನಡುಭಾಗದಲ್ಲಿ, ಅಂದರೆ ಕದಿರಿನ ಎಳೆಗಳು ದಟ್ಟವಾಗಿರುವ ಎರಡು ಮುಖಗಳಲ್ಲಿ, ಎಮೆರಿನ್, ಬಾಫ್ ಮತ್ತು ಲ್ಯಾಮಿನ್ ಎ ಗುಂಪುಗೂಡುತ್ತವೆ, ಎಲ್‌ಬಿಆರ್ ಮತ್ತು ರಂಧ್ರಗಳು ಮುದ್ದೆಯ ಅಂಚುಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತವೆ. ಓರೆಯಾಗಿ ನಿಂತ ಕೋಶದಲ್ಲಿ ಈ ಎರಡು ವಲಯಗಳು ಒಂದರ ಮೇಲೊಂದು ಬಿದ್ದು, ‘ಎಲ್ಲವೂ ಏಕಕಾಲಕ್ಕೆ ಬಂದವು’ ಎಂಬ ಸುಳ್ಳು ಚಿತ್ರ ಕೊಡುತ್ತವೆ.

## ಹಂತ 6: ಚಿತ್ರೀಕರಿಸಿ, ಆದರೆ ಬೆಳಕಿನಲ್ಲಿ ಜಿಪುಣತನ ಇರಲಿ

ಮೆಟಾಫೇಸ್‌ನಿಂದಲೇ ಚಿತ್ರೀಕರಣ ಆರಂಭವಾಗಬೇಕು. ಬೇರ್ಪಟ್ಟ ವರ್ಣತಂತುಗಳನ್ನು ಕಂಡ ಮೇಲೆ ಗುಂಡಿ ಒತ್ತಿದರೆ ಆರಂಭದ ಕ್ಷಣ ಕೈತಪ್ಪಿರುತ್ತದೆ. ಎರಡು ಚಿತ್ರಗಳ ನಡುವೆ 30 ಸೆಕೆಂಡುಗಳಿಂದ 1 ನಿಮಿಷದ ಅಂತರ ತಕ್ಕದ್ದು. ಕೋಶ ಉಳಿಸುವ ಆಸೆಯಿಂದ ಅಂತರವನ್ನು 3 ನಿಮಿಷಕ್ಕೆ ಏರಿಸಿದರೆ, 10 ನಿಮಿಷದ ಘಟನೆಯಲ್ಲಿ 3 ನಿಮಿಷದ ಅನಿಶ್ಚಿತತೆ ಸೇರಿಕೊಳ್ಳುತ್ತದೆ. ಅದರ ಬದಲು ಬೆಳಕಿನ ಬಲವನ್ನು ತಗ್ಗಿಸಿ, ಚಿತ್ರ ಸ್ವಲ್ಪ ಕಾಳುಕಾಳಾಗಿ ಬಂದರೂ ಒಪ್ಪಿಕೊಳ್ಳಿ.

ವಿಭಜನೆಯ ಕೋಶ ದುಂಡಗಾಗಿ ಎತ್ತರಕ್ಕೆ ಏರಿರುತ್ತದೆ, ವಿಭಜನೆಯ ಕೊನೆಯ ಹಂತವಾದ ಟೆಲೋಫೇಸ್ ದಾಟುತ್ತಿದ್ದಂತೆ ಮತ್ತೆ ಚಪ್ಪಟೆಯಾಗಿ ಹರಡುತ್ತದೆ. ಒಂದೇ ಪದರದ ಚಿತ್ರ ತೆಗೆದವರ ಕೋಶಕೇಂದ್ರ ನಡುವಿನಲ್ಲೇ ಮಾಯವಾಗುವುದು ಈ ಕಾರಣಕ್ಕೆ. 1 ಮೈಕ್ರೋಮೀಟರ್ ಅಂತರದಲ್ಲಿ ಸುಮಾರು 15 ಪದರಗಳನ್ನು ತೆಗೆದರೆ ಈ ಚಲನೆಯನ್ನು ಹಿಡಿಯಬಹುದು.

ಬೆಳಕಿನ ಹಾನಿಯ ಮೊದಲ ಗುರುತು ಕೋಶ ಸಾಯುವುದಲ್ಲ, ಮೆಟಾಫೇಸ್‌ನಲ್ಲಿ ಕೋಶ ತಡೆದು ನಿಲ್ಲುವುದು. ಬೆಳಕು ಬೀಳದ ಪಕ್ಕದ ಕೋಶಗಳು ಮುಂದೆ ಸಾಗುತ್ತಿರುವಾಗ ನಿಮ್ಮ ಕೋಶ ಪಟ್ಟಿ ಕಟ್ಟಿದ ಮೇಲೂ ಒಂದು ಗಂಟೆ ಅಲ್ಲಾಡದಿದ್ದರೆ, ಅಥವಾ ಅದರ ಮೈಮೇಲೆ ಗುಳ್ಳೆಗಳೇಳುತ್ತಿದ್ದರೆ, ಆ ಚಿತ್ರವನ್ನು ಕೈಬಿಡಿ. ಅಂಥ ಕೋಶ ಕೊನೆಗೆ ವಿಭಜಿಸಿದರೂ ಅದರ ಅಂಕಿಗಳನ್ನು ಲೆಕ್ಕಕ್ಕೆ ಸೇರಿಸಬಾರದು. ನಾನೂ ಒಮ್ಮೆ ಅಂಥ ಕೋಶಗಳನ್ನು ಸೇರಿಸಿಕೊಂಡು ಹೊದಿಕೆ ತಡವಾಗಿ ಕಟ್ಟುತ್ತದೆಂದು ನಂಬಿದ್ದೆ. ಲೇಸರ್ ಬಲವನ್ನು ತಗ್ಗಿಸಿ ಮತ್ತೆ ಚಿತ್ರೀಕರಿಸಿದಾಗ ಆ ತಡ ಕಾಣಲಿಲ್ಲ.

## ಹಂತ 7: ಸೊನ್ನೆ ಕ್ಷಣವನ್ನು ಗುರುತಿಸಿ ಅಳೆಯಿರಿ

ವರ್ಣತಂತುಗಳ ಪಟ್ಟಿ ಎರಡಾಗಿ ಬೇರ್ಪಟ್ಟಿರುವ ಮೊದಲ ಚಿತ್ರವೇ ಸೊನ್ನೆ ನಿಮಿಷ. ಚಿತ್ರೀಕರಣ ಆರಂಭಿಸಿದ ಕ್ಷಣಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರತಿ ಕೋಶದ ಕಾಲರೇಖೆಯನ್ನೂ ಈ ಕ್ಷಣಕ್ಕೆ ಹೊಂದಿಸಿದ ಮೇಲೆಯೇ ಸರಾಸರಿ ತೆಗೆಯಬೇಕು.

ಎಚ್2ಬಿ ಚಿತ್ರದಿಂದ ವರ್ಣತಂತು ಮುದ್ದೆಯ ಗಡಿಯನ್ನು ಗುರುತಿಸಿ, ಅದರ ಹೊರಗೆ ಸುಮಾರು 0.5 ಮೈಕ್ರೋಮೀಟರ್ ಅಗಲದ ಪಟ್ಟಿಯಲ್ಲಿ ಪೊರೆಯ ಹೊಳಪನ್ನೂ, ಗಡಿಯ ಒಳಗೆ ಆಮದು ಗುರುತಿನ ಹೊಳಪನ್ನೂ ಅಳೆಯಿರಿ. ಹಿನ್ನೆಲೆಯ ಹೊಳಪನ್ನು ಕಳೆದ ನಂತರ ಒಳಗಿನ ಸರಾಸರಿಯನ್ನು ಕೋಶದ್ರವ್ಯದ ಸರಾಸರಿಯಿಂದ ಭಾಗಿಸಿದರೆ ಆಮದಿನ ಅನುಪಾತ ಸಿಗುತ್ತದೆ. ದಟ್ಟವಾದ ವರ್ಣತಂತುಗಳು ಪ್ರೋಟೀನ್‌ಗಳನ್ನು ಹೊರದೂಡುವುದರಿಂದ ಮೆಟಾಫೇಸ್‌ನಲ್ಲಿ ಈ ಅನುಪಾತ 1ಕ್ಕಿಂತ ಕೆಳಗಿರುವುದು ಸಹಜ. ಅದನ್ನೇ ಆ ಕೋಶದ ತಳಮಟ್ಟವೆಂದು ಹಿಡಿಯಬೇಕು.

ಇಲ್ಲಿ ಅನುಭವಿಗಳೂ ಮಾಡುವ ಒಂದು ತಪ್ಪಿದೆ. ಪ್ರತಿ ರೇಖೆಯನ್ನೂ ಸೊನ್ನೆಯಿಂದ ಒಂದರ ನಡುವೆ ಹಿಗ್ಗಿಸಿ, ಅರ್ಧಮಟ್ಟ ತಲುಪಿದ ಸಮಯವನ್ನು ಮಾತ್ರ ಹೋಲಿಸುತ್ತಾರೆ. ಸೋರುವ ಹೊದಿಕೆಯಲ್ಲಿ ಪ್ರೋಟೀನ್ ಒಳಬರುವುದು ಸಕಾಲಕ್ಕೇ ಆರಂಭವಾಗಿ, ಕೆಳಮಟ್ಟದಲ್ಲೇ ನಿಂತುಬಿಡಬಹುದು. ಹಾಗೆ ಹಿಗ್ಗಿಸಿದ ರೇಖೆಯಲ್ಲಿ ಆ ಕೊರತೆ ಅಳಿಸಿಹೋಗುತ್ತದೆ. ಅರ್ಧಮಟ್ಟದ ಸಮಯ ಮತ್ತು ತಲುಪಿದ ಗರಿಷ್ಠ ಅನುಪಾತ ಎರಡನ್ನೂ ಕೊಡಬೇಕು. ಕೋಶಕೇಂದ್ರ ಉಬ್ಬುತ್ತಿದ್ದಂತೆ ಸರಾಸರಿ ಹೊಳಪು ತಾನಾಗಿ ತಗ್ಗುವುದರಿಂದ, ಒಟ್ಟು ಪ್ರಮಾಣದ ಬಗ್ಗೆ ಮಾತನಾಡುವಾಗ ಎಲ್ಲ ಪದರಗಳ ಮೊತ್ತವನ್ನು ಬಳಸಿ.

ಅವಳಿ ಕೋಶಕೇಂದ್ರಗಳನ್ನು ಎರಡು ಸ್ವತಂತ್ರ ಮಾದರಿಗಳೆಂದು ಎಣಿಸಬಾರದು. ಅವು ಒಂದೇ ತಾಯಿಕೋಶದಿಂದ, ಒಂದೇ ಬೆಳಕಿನಡಿ ಬಂದವು.

## ಹಂತ 8: ಮುಚ್ಚಿದೆಯೇ ಎಂದು ಇನ್ನೊಂದು ಬಗೆಯಿಂದ ಪರೀಕ್ಷಿಸಿ

ಆಮದು ರೇಖೆ ಏರಿದರೆ ಮಾತ್ರಕ್ಕೆ ಹೊದಿಕೆ ಮುಚ್ಚಿತೆಂದಲ್ಲ. ರಂಧ್ರಗಳ ಆಮದಿನ ವೇಗ ಸೋರಿಕೆಯ ವೇಗವನ್ನು ಮೀರಿದರೂ ರೇಖೆ ಏರುತ್ತದೆ. ಆದ್ದರಿಂದ ಸ್ಥಿರೀಕರಿಸಿದ ಕೋಶಗಳ ಪರೀಕ್ಷೆಯೊಂದು ಜೊತೆಗಿರಬೇಕು.

ಕೋಶಗಳನ್ನು ಶೇ. 4 ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರೀಕರಿಸಿ, ಪ್ರತಿ ಮಿಲಿಲೀಟರ್‌ಗೆ 40 ಮೈಕ್ರೋಗ್ರಾಂ ಡಿಜಿಟೋನಿನ್ ಇರುವ ದ್ರಾವಣದಲ್ಲಿ ಮಂಜುಗಡ್ಡೆಯ ಮೇಲೆ ಕೆಲವು ನಿಮಿಷ ಇಡಿ. ಡಿಜಿಟೋನಿನ್ ಕೊಲೆಸ್ಟೆರಾಲ್ ಹೇರಳವಾಗಿರುವ ಕೋಶಪೊರೆಯನ್ನು ತೂತು ಮಾಡುತ್ತದೆ, ಕೊಲೆಸ್ಟೆರಾಲ್ ಕಡಿಮೆಯಿರುವ ಕೋಶಕೇಂದ್ರದ ಹೊದಿಕೆಯನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಆಮೇಲೆ ಡಿಎನ್‌ಎ ಅಥವಾ ಲ್ಯಾಮಿನ್‌ಗೆ ಅಂಟುವ ಪ್ರತಿಕಾಯವನ್ನು ಹಾಕಿ. ಸುಮಾರು 150 ಕಿಲೋಡಾಲ್ಟನ್ ತೂಗುವ ಪ್ರತಿಕಾಯ ರಂಧ್ರಗಳ ಮೂಲಕ ನುಸುಳಲಾರದು. ಒಳಗೆ ಬಣ್ಣ ಹಿಡಿದಿದ್ದರೆ ಹೊದಿಕೆ ಇನ್ನೂ ತೆರೆದಿದೆ ಎಂದರ್ಥ. ಅದೇ ತಟ್ಟೆಯಲ್ಲಿ ವಿಭಜನೆಯಲ್ಲಿಲ್ಲದ ಕೋಶಗಳೂ ಬಣ್ಣ ಹಿಡಿದಿದ್ದರೆ ಡಿಜಿಟೋನಿನ್ ಅತಿಯಾಗಿದೆ, ಆ ತಟ್ಟೆಯಿಂದ ಏನನ್ನೂ ಹೇಳುವಂತಿಲ್ಲ. ಎಲ್ಲ ಪೊರೆಗಳನ್ನೂ ತೂತು ಮಾಡುವ ಟ್ರೈಟಾನ್ ಎಕ್ಸ್-100 ಬಳಸಿದ ಜೊತೆ ತಟ್ಟೆಯಲ್ಲಿ ಎಲ್ಲ ಕೋಶಕೇಂದ್ರಗಳೂ ಬಣ್ಣ ಹಿಡಿಯಬೇಕು. ಹಿಡಿಯದಿದ್ದರೆ ಪ್ರತಿಕಾಯದಲ್ಲೇ ದೋಷವಿದೆ.

ವಿಭಜನೆಯ ಕೋಶಗಳು ಗಾಜಿಗೆ ಸಡಿಲವಾಗಿ ಅಂಟಿರುವುದರಿಂದ ಜೋರಾಗಿ ತೊಳೆದರೆ ಬೇಕಾದವೇ ಮೊದಲು ಹೋಗುತ್ತವೆ. ಪಾಲಿಲೈಸಿನ್ ಸವರಿದ ಗಾಜನ್ನು ಬಳಸಿ, ದ್ರಾವಣವನ್ನು ಅಂಚಿನಿಂದ ನಿಧಾನವಾಗಿ ಬಿಡಬೇಕು.

ಇದರ ಜೊತೆಗೆ ಸಿಎಚ್‌ಎಂಪಿ7 ಅನ್ನು ಜೀನ್‌ನ ಸಂದೇಶವನ್ನು ಅಡಗಿಸುವ ಕಿರು ಆರ್‌ಎನ್‌ಎ ಮೂಲಕ ತಗ್ಗಿಸಿದ ಒಂದು ತಟ್ಟೆ ಇರಲಿ. ಅಲ್ಲಿ ಪೊರೆಯ ಉಂಗುರ ಎಂದಿನಂತೆ ಕಂಡು, ಆಮದಿನ ಅನುಪಾತ ಮಾತ್ರ ಕುಂದಬೇಕು. ಉಂಗುರವೂ ಆಮದೂ ಎರಡೂ ಎಂದಿನಂತೆಯೇ ಕಂಡರೆ ಒಂದೋ ಪ್ರೋಟೀನ್ ಸಾಕಷ್ಟು ತಗ್ಗಿಲ್ಲ, ಇಲ್ಲವೇ ನಿಮ್ಮ ಅಳತೆಗೆ ಸೋರಿಕೆಯನ್ನು ಹಿಡಿಯುವಷ್ಟು ಸೂಕ್ಷ್ಮತೆ ಇಲ್ಲ. ಪ್ರೋಟೀನ್ ಪ್ರಮಾಣವನ್ನು ತೋರಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

## ಹಂತ 9: ಅಸಹಜ ಕೋಶಗಳನ್ನು ಬೇರ್ಪಡಿಸಿ

ಹಿಂದುಳಿದ ವರ್ಣತಂತು ಕದಿರಿನ ನಡುವೆ ಸಿಲುಕಿದ್ದರೆ ಅದರ ಸುತ್ತ ಪ್ರತ್ಯೇಕ ಕಿರುಕೋಶಕೇಂದ್ರ ಕಟ್ಟಿಕೊಳ್ಳುತ್ತದೆ. ಅದರ ಹೊದಿಕೆಗೆ ಎಮೆರಿನ್‌ನಂಥವು ಸೇರಿದರೂ ಎಲ್‌ಬಿಆರ್ ಮತ್ತು ರಂಧ್ರಗಳು ಸಾಕಷ್ಟು ಸೇರುವುದಿಲ್ಲ. ಇಂಥ ಹೊದಿಕೆ ಮುಂದೆ ಸುಲಭವಾಗಿ ಹರಿಯುತ್ತದೆ. ಎಮೆರಿನ್ ಒಂದನ್ನೇ ನೋಡುವವರಿಗೆ ಇದು ಆರೋಗ್ಯವಾಗಿಯೇ ಕಾಣುತ್ತದೆ. ಚಿಕಿತ್ಸೆ ಕೊಡದ ಕೋಶಗಳಲ್ಲೂ ಕೆಲವು ಹೀಗೆ ಇರುತ್ತವೆ, ಅವನ್ನು ಬೇರೆ ಪಟ್ಟಿಯಲ್ಲಿ ಎಣಿಸಬೇಕು.

ಒಂದು ದೊಡ್ಡ ಕೋಶಕೇಂದ್ರದ ಬದಲು ಹಲವು ತುಣುಕುಗಳು ಕಂಡರೆ ಬಾಫ್ ಕೊರತೆಯನ್ನು ಶಂಕಿಸಿ. ಕೋಶಕೇಂದ್ರ ಒಂದೇ ಇದ್ದು, ಪೊರೆಯ ಗೆರೆಯೂ ನಯವಾಗಿದ್ದು, ಅದು ಉಬ್ಬದೆ ಚಿಕ್ಕದಾಗಿಯೇ ಉಳಿದರೆ ಮೊದಲು ನೋಡಬೇಕಾದ್ದು ರಂಧ್ರಗಳನ್ನು, ಅವುಗಳಲ್ಲೂ ಎಲಿಸ್ ಕುಳಿತಿದೆಯೇ ಎಂಬುದನ್ನು. ಮುದ್ದೆಯ ನಡುಭಾಗದಲ್ಲಿ ರಂಧ್ರಗಳು ಕಾಣದ ಖಾಲಿ ವಲಯ ಉಳಿದಿದ್ದರೆ ಮಾತ್ರ ಗಾಬರಿಯಾಗಬೇಕಿಲ್ಲ. ಅಲ್ಲಿ ರಂಧ್ರಗಳು ಬೇರೆ ದಾರಿಯಲ್ಲಿ, ನಿಧಾನವಾಗಿ ಸೇರುತ್ತವೆ, ಮತ್ತು ಅದನ್ನು ನೋಡಬೇಕಾದರೆ ಚಿತ್ರಗಳ ನಡುವಿನ ಅಂತರವನ್ನು 5 ನಿಮಿಷಕ್ಕೆ ಏರಿಸಿ ಚಿತ್ರೀಕರಣವನ್ನು ಇನ್ನೂ 2 ಗಂಟೆ ಮುಂದುವರಿಸಬೇಕು.